ನಡುವಿನ ಮನೆಯ ಆದಾಯ: ಹೈಲ್ಯಾಂಡ್ ಕೌಂಟಿಯಿಂದ ಸಂಡೂರಿನವರೆಗೆ

(ಫೇರ್‌ಫ್ಯಾಕ್ಸ್‌ನಲ್ಲಿ ನಡೆದ ನಮ್ಮ ಗುಂಪಿನ ಭಾನುವಾರದ ಸಭೆಯಲ್ಲಿ ಆಡಿದ ಮಾತಿನ ಬರಹರೂಪ. ಸಭೆಗೆ ಬರಲಾಗದ ಗೆಳೆಯರಿಗಾಗಿ ಇಲ್ಲಿ ಕಳಿಸುತ್ತಿದ್ದೇವೆ.)



ಗೆಳೆಯರೆ, ವೇದಿಕೆ ಹತ್ತಿ ಮಾತಾಡಿ ನನಗೆ ಅಭ್ಯಾಸವಿಲ್ಲ. ನಾನೊಬ್ಬ ಸಾಫ್ಟ್‌ವೇರ್ ಇಂಜಿನಿಯರ್, ದಿನವಿಡೀ ಡೇಟಾಬೇಸ್ ಮುಂದೆ ಕೂರುವವನು. ಅರ್ಥಶಾಸ್ತ್ರ ಓದಿದವನಲ್ಲ. ಇವತ್ತು ನಾನು ಹೇಳಲು ನಿಂತಿರುವುದು ನಾನೇ ಮಾಡಿದ ಒಂದು ತಪ್ಪಿನ ಕತೆ. ಆ ತಪ್ಪಿನಿಂದ ನಮ್ಮ ಗುಂಪಿನ ದುಡ್ಡು ಹೋಗಬೇಕಾದ ಕಡೆ ಹೋಗಲಿಲ್ಲ. ಹಾಗಾಗಿ ಅದನ್ನು ನಿಮ್ಮೆಲ್ಲರ ಮುಂದೆಯೇ ಹೇಳುವುದು ಸರಿ.

ನಿಮಗೆ ಗೊತ್ತಿರುವಂತೆ, ಕರ್ನಾಟಕದ ಹಳ್ಳಿಗಳ ಸರ್ಕಾರಿ ಕನ್ನಡ ಶಾಲೆಗಳಿಗೆ ಪ್ರತಿ ವರ್ಷ ನಾವು ಒಂದಿಷ್ಟು ನೆರವು ಕಳಿಸುತ್ತೇವೆ. ಕಳೆದ ಸಲ ಯಾವ ತಾಲ್ಲೂಕುಗಳಿಗೆ ಕಳಿಸಬೇಕೆಂದು ಚರ್ಚೆ ಬಂದಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಹೆಸರು ಹೇಳಿದರು. ಜಗಳ ಬೇಡ, ಅಂಕಿ-ಅಂಶದ ಮೇಲೆ ತೀರ್ಮಾನ ಮಾಡೋಣ ಅಂತ ನಾನೇ ಮುಂದೆ ಬಂದೆ. ಜಿಲ್ಲಾವಾರು ತಲಾ ಆದಾಯದ ಪಟ್ಟಿ ತಂದು, ಎಕ್ಸೆಲ್‌ನಲ್ಲಿ ಹಾಕಿ, ಕೆಳಗಿನಿಂದ ಜಿಲ್ಲೆಗಳನ್ನು ಆರಿಸಿದೆ. ಕಲಬುರಗಿ, ಯಾದಗಿರಿ ಒಳಗೆ ಬಂದವು. ಬಳ್ಳಾರಿ ಅವುಗಳಿಗಿಂತ ಮೇಲಿತ್ತು, ಹೊರಗುಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ವೈಜ್ಞಾನಿಕ ವಿಧಾನ ಅಂತ ನಾನೂ ಬೀಗಿದೆ!

ಸಭೆ ಮುಗಿದ ಮೇಲೆ ಕೂಡ್ಲಿಗಿ ಕಡೆಯ ಹಿರಿಯರೊಬ್ಬರು ಕಾಫಿ ಲೋಟ ಹಿಡಿದು ಪಕ್ಕಕ್ಕೆ ಬಂದರು. "ಲೆಕ್ಕ ಚಲೋ ಐತಿ ತಮ್ಮಾ. ಆದ್ರ ಈ ರೊಕ್ಕ ನಮ್ಮ ಕಡಿ ಯಾರ ಮನ್ಯಾಗ ಐತಿ, ಅದೊಂದು ಹೇಳು" ಅಂದರು.

ನನ್ನ ಬಳಿ ಉತ್ತರವಿರಲಿಲ್ಲ.

ಮನೆಗೆ ಬಂದು ಓದಿದೆ. ತಲಾ ಆದಾಯ ಅಂದರೆ ಜಿಲ್ಲೆಯಲ್ಲಿ ಒಂದು ವರ್ಷದಲ್ಲಿ ಹುಟ್ಟಿದ ಒಟ್ಟು ಮೌಲ್ಯವನ್ನು ಜನಸಂಖ್ಯೆಯಿಂದ ಭಾಗಿಸಿ ಬರುವ ಅಂಕಿ. ಸಂಡೂರಿನ ಗುಡ್ಡದಿಂದ ಹೊರಟ ಕಬ್ಬಿಣದ ಅದಿರು, ತೋರಣಗಲ್ಲಿನ ಉಕ್ಕು, ಎಲ್ಲವೂ ಆ ಮೊತ್ತದಲ್ಲಿ ಸೇರುತ್ತವೆ. ಕಂಪನಿಯ ಲಾಭ ಯಾವ ಊರಿನ ಷೇರುದಾರನಿಗೆ ಹೋಯಿತು ಅನ್ನುವುದು ಆ ಲೆಕ್ಕಕ್ಕೆ ಬೇಕಾಗಿಲ್ಲ. ಹಿರಿಯ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಾಗ, ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಗುರುತಿಸಿತು. ಆ 39ರಲ್ಲಿ ಸಂಡೂರು ಇತ್ತು, ಕೂಡ್ಲಿಗಿಯೂ ಇತ್ತು. ಸಮಿತಿ ಜಿಲ್ಲೆಯ ಮಟ್ಟಕ್ಕೆ ನಿಲ್ಲದೆ ತಾಲ್ಲೂಕಿಗೆ ಇಳಿದು 35 ಸೂಚಕಗಳನ್ನು ನೋಡಿತ್ತು. ನಾನು ಒಂದೇ ಒಂದು ಸರಾಸರಿ ನೋಡಿದ್ದೆ.

ಸರಾಸರಿ ಹೇಗೆ ಮೋಸ ಮಾಡುತ್ತದೆ? ಒಂದು ಕಾಲ್ಪನಿಕ ಓಣಿ ತೆಗೆದುಕೊಳ್ಳಿ. ಏಳು ಮನೆ. ಆರು ಮನೆಗಳ ವರ್ಷದ ಆದಾಯ 60 ಸಾವಿರ, 70, 80, 90 ಸಾವಿರ, 1 ಲಕ್ಷ, 1 ಲಕ್ಷ 20 ಸಾವಿರ. ಏಳನೆಯವನು ಅದಿರು ಲಾರಿಗಳ ಮಾಲೀಕ, 22 ಲಕ್ಷ 80 ಸಾವಿರ. ಸರಾಸರಿ ಎಷ್ಟು? 4 ಲಕ್ಷ! ಆ ಓಣಿಯಲ್ಲಿ 4 ಲಕ್ಷದ ಹತ್ತಿರ ಇರುವ ಮನೆ ಒಂದೂ ಇಲ್ಲ. ಈಗ ಏಳೂ ಮನೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ, ನಡುವಿನ ಮನೆಯನ್ನು ನೋಡಿ. 90 ಸಾವಿರ. ಇದೇ ಮಧ್ಯಾಂಕ, ಇಲ್ಲಿಯವರು ಮೀಡಿಯನ್ ಅನ್ನುವುದು. ಲಾರಿ ಮಾಲೀಕನ ಆದಾಯ ನಾಳೆ ಎರಡು ಪಟ್ಟಾದರೂ ನಡುವಿನ ಮನೆಯ ಅಂಕಿ ಅಲುಗುವುದಿಲ್ಲ. ನಮ್ಮ ಹಿರಿಯರು ಕೇಳಿದ್ದು ಈ ಮನೆಯನ್ನು.

ಹಾಗಾದರೆ ಒಂದು ಹಳ್ಳಿಗಾಡಿನ ನಡುವಿನ ಮನೆಯ ಆದಾಯವನ್ನು ವರ್ಷದಿಂದ ವರ್ಷಕ್ಕೆ ಅಂದಾಜು ಮಾಡುವುದು ಹೇಗೆ? ಅದನ್ನು ಸರಿಯಾಗಿ ಮಾಡುವವರು ಹೇಗೆ ಮಾಡುತ್ತಾರೆಂದು ನೋಡಲು ಇಲ್ಲೇ ಹತ್ತಿರದ ಒಂದು ಕೌಂಟಿ ಆರಿಸಿಕೊಂಡೆ. ಹೈಲ್ಯಾಂಡ್ ಕೌಂಟಿ. ನಿಮ್ಮಲ್ಲಿ ಕೆಲವರು ಮಾರ್ಚ್ ತಿಂಗಳಲ್ಲಿ ಮೇಪಲ್ ಹಬ್ಬಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿರಬಹುದು. ಐ-66, ಐ-81 ಹಿಡಿದು ಸ್ಟ್ಯಾಂಟನ್ ತನಕ, ಅಲ್ಲಿಂದ 250ನೇ ನಂಬರಿನ ರಸ್ತೆಯಲ್ಲಿ ಗುಡ್ಡ ಹತ್ತಿ ಇಳಿದರೆ ಮಾಂಟೆರೇ. ಇಡೀ ಕೌಂಟಿಯ ಜನಸಂಖ್ಯೆ 2010ರಲ್ಲಿ 2,321, 2020ರಲ್ಲಿ 2,232. ನಮ್ಮ ಕಡೆ ಒಂದು ದೊಡ್ಡ ಹಳ್ಳಿಯಷ್ಟು. ಅಷ್ಟು ಸಣ್ಣ ಜಾಗಕ್ಕೂ ಅಮೆರಿಕದ ಸೆನ್ಸಸ್ ಬ್ಯೂರೋ ಮನೆಯ ಆದಾಯದ ಮಧ್ಯಾಂಕ ಕೊಡುತ್ತದೆ. ನನಗೆ ಬೆರಗಾಗಿದ್ದು ಅದೇ.

ಆದರೆ ಆ ಅಂಕಿಯ ಹಿಂದೆ ಏನಿದೆ ಅಂತ ನೋಡುತ್ತಾ ಹೋದಂತೆ ಬೆರಗಿನ ಜೊತೆ ಎಚ್ಚರವೂ ಬಂತು.

2000ದ ಜನಗಣತಿಯವರೆಗೆ ಹತ್ತು ವರ್ಷಕ್ಕೊಮ್ಮೆ ಒಂದು ಉದ್ದನೆಯ ಫಾರಂ ಇತ್ತು. ಸರಾಸರಿ ಆರು ಮನೆಗೆ ಒಂದರಂತೆ ಅದನ್ನು ಕಳಿಸಿ, ಹಿಂದಿನ ವರ್ಷದ ಆದಾಯ ಕೇಳುತ್ತಿದ್ದರು. 2000ದಲ್ಲಿ ಕೇಳಿದ್ದು 1999ರ ಆದಾಯ. 2010ರ ಹೊತ್ತಿಗೆ ಆ ಫಾರಂ ಹೋಯಿತು. ಅದರ ಬದಲು 2005ರಿಂದ ಅಮೆರಿಕನ್ ಕಮ್ಯುನಿಟಿ ಸರ್ವೇ ದೇಶದ ಎಲ್ಲ ಕೌಂಟಿಗಳಲ್ಲೂ ವರ್ಷವಿಡೀ ನಡೆಯುತ್ತಿದೆ. ಅದರಲ್ಲಿ ಕೇಳುವುದು ಕಳೆದ ಹನ್ನೆರಡು ತಿಂಗಳ ಆದಾಯ. ನೋಡಿ, ಪ್ರಶ್ನೆಯೇ ಬದಲಾಯಿತು. ಹಳೆಯದನ್ನೂ ಹೊಸದನ್ನೂ ಒಂದೇ ಗೆರೆಯಲ್ಲಿ ಸೇರಿಸಿ ಗ್ರಾಫ್ ಎಳೆಯುವ ಮುನ್ನ ಇದು ನೆನಪಿರಬೇಕು.

ಎರಡನೆಯದು, ಸಣ್ಣ ಕೌಂಟಿಯ ಕಷ್ಟ. 65 ಸಾವಿರ ಜನಸಂಖ್ಯೆ ದಾಟಿದ ಜಾಗಕ್ಕೆ ಮಾತ್ರ ಪ್ರತಿ ವರ್ಷದ ಅಂಕಿ ಸಿಗುತ್ತದೆ. ಫೇರ್‌ಫ್ಯಾಕ್ಸ್ ಕೌಂಟಿಗೆ ಸಿಗುತ್ತದೆ, ಹೈಲ್ಯಾಂಡಿಗೆ ಇಲ್ಲ. ಹೈಲ್ಯಾಂಡಿನಲ್ಲಿ ಒಂದು ವರ್ಷಕ್ಕೆ ಸಿಗುವ ಮನೆಗಳು ತೀರಾ ಕಡಿಮೆ, ಹಾಗಾಗಿ ಐದು ವರ್ಷದ ಉತ್ತರಗಳನ್ನು ಒಟ್ಟುಗೂಡಿಸಿ ಒಂದು ಅಂಕಿ ಮಾಡುತ್ತಾರೆ. ಇಂಥ ಮೊದಲ ಅಂಕಿ, 2005ರಿಂದ 2009ರದ್ದು, 2010ರ ಡಿಸೆಂಬರಿನಲ್ಲಿ ಬಂತು. ಈಗ 2015-2019 ಮತ್ತು 2016-2020 ಎಂಬ ಎರಡು ಅಂಕಿ ಪಕ್ಕಪಕ್ಕ ಇಟ್ಟು 'ಒಂದೇ ವರ್ಷದಲ್ಲಿ ಇಷ್ಟು ಏರಿತು' ಅಂದರೆ ತಪ್ಪು. ಐದರಲ್ಲಿ ನಾಲ್ಕು ವರ್ಷದ ಉತ್ತರಗಳು ಎರಡರಲ್ಲೂ ಒಂದೇ. ಹೋಲಿಸಬೇಕಾದರೆ 2010-2014ನ್ನು 2015-2019ರ ಜೊತೆ ಹೋಲಿಸಬೇಕು, ಒಂದರ ಮೇಲೊಂದು ಬೀಳದ ಹಾಗೆ. 2020ರಲ್ಲಂತೂ ಕೋವಿಡ್‌ನಿಂದ ಉತ್ತರ ಕೊಟ್ಟವರೇ ಕಡಿಮೆಯಾಗಿ, ಆ ಒಂದು ವರ್ಷದ ಅಂಕಿಗಳನ್ನು ಬ್ಯೂರೋ ಎಂದಿನಂತೆ ಬಿಡುಗಡೆ ಮಾಡಲೇ ಇಲ್ಲ, ಪ್ರಾಯೋಗಿಕ ಎಂಬ ಮುದ್ರೆ ಹಾಕಿ ಕೆಲವನ್ನಷ್ಟೇ ಕೊಟ್ಟಿತು. ಸಾಲದ ಅಂಕಿಯನ್ನು ಸಾಲದು ಅಂತ ಹೇಳುವ ಧೈರ್ಯ ನನಗೆ ಇಷ್ಟವಾಯಿತು.

ಮೂರನೆಯದು, ಮಾರ್ಜಿನ್ ಆಫ್ ಎರರ್. ಪ್ರತಿ ಅಂಕಿಯ ಪಕ್ಕದಲ್ಲೂ 'ಇಷ್ಟು ಹೆಚ್ಚು-ಕಡಿಮೆ ಇರಬಹುದು' ಎಂದು ಶೇಕಡ 90ರ ಭರವಸೆಯಲ್ಲಿ ಬರೆದಿರುತ್ತಾರೆ. ನಾವು ಅದನ್ನು ನೋಡುವುದೇ ಇಲ್ಲ. ಉದಾಹರಣೆಗೆ ಒಂದು ಕೌಂಟಿಯ ಅಂಕಿ ಮೊದಲು 48 ಸಾವಿರ ಡಾಲರ್, 7 ಸಾವಿರ ಹೆಚ್ಚು-ಕಡಿಮೆ. ಆಮೇಲೆ 54 ಸಾವಿರ, 8 ಸಾವಿರ ಹೆಚ್ಚು-ಕಡಿಮೆ ಅಂತಿಟ್ಟುಕೊಳ್ಳಿ. 6 ಸಾವಿರ ಏರಿತೆಂದು ಪತ್ರಿಕೆಯಲ್ಲಿ ಬರೆಯಬಹುದೇ? ಎರಡು ಮಾರ್ಜಿನ್‌ಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಿರಿ, ಸುಮಾರು 10,600 ಬರುತ್ತದೆ. ವ್ಯತ್ಯಾಸ ಅದಕ್ಕಿಂತ ಕಡಿಮೆ. ಅಂದರೆ ಏರಿತೋ ಇಲ್ಲವೋ ಈ ಸರ್ವೇಯಿಂದ ಹೇಳಲಾಗದು, ಅಷ್ಟೇ. ಪಿಯುಸಿಯ ಗಣಿತ ಸಾಕು, ಇಂಜಿನಿಯರಿಂಗ್ ಬೇಡ.

ನಾಲ್ಕನೆಯದು ನನಗೆ ವೃತ್ತಿಯಿಂದಾಗಿ ಹಿಡಿಸಿದ್ದು. ಸಣ್ಣ ಕೌಂಟಿಗಳಿಗೂ ಪ್ರತಿ ವರ್ಷದ ಅಂಕಿ ಬೇಕಲ್ಲ, ಅದಕ್ಕೆ ಬ್ಯೂರೋದಲ್ಲಿ ಇನ್ನೊಂದು ಯೋಜನೆ ಇದೆ, ಸಣ್ಣ ಪ್ರದೇಶಗಳ ಆದಾಯ ಮತ್ತು ಬಡತನದ ಅಂದಾಜು. ಅದರಲ್ಲಿ ಸರ್ವೇ ಒಂದನ್ನೇ ನಂಬುವುದಿಲ್ಲ. ತೆರಿಗೆ ಇಲಾಖೆಯ ದಾಖಲೆ, ಫುಡ್ ಸ್ಟಾಂಪ್ ಪಡೆಯುವವರ ಸಂಖ್ಯೆ, ಹಿಂದಿನ ಜನಗಣತಿ ಇವನ್ನೆಲ್ಲ ಇಟ್ಟು 'ಇಂಥ ಕೌಂಟಿಯಲ್ಲಿ ಆದಾಯ ಇಷ್ಟಿರಬೇಕು' ಎಂದು ಮೊದಲು ಒಂದು ಊಹೆ ಮಾಡುತ್ತಾರೆ. ಆಮೇಲೆ ಸರ್ವೇಯ ಅಂಕಿಯನ್ನೂ ಈ ಊಹೆಯನ್ನೂ ತೂಗಿ ಬೆರೆಸುತ್ತಾರೆ. ಸರ್ವೇಗೆ ಸಿಕ್ಕ ಮನೆಗಳು ಹೆಚ್ಚಿದ್ದರೆ ಸರ್ವೇಗೆ ಹೆಚ್ಚು ತೂಕ, ಕಡಿಮೆಯಿದ್ದರೆ ಊಹೆಗೆ ಹೆಚ್ಚು ತೂಕ. ಇದೇ ಯೋಜನೆಯ ಬಡತನದ ಲೆಕ್ಕದ ಆಧಾರದ ಮೇಲೆ ಟೈಟಲ್ ಒನ್ ಅನ್ನುವ ಶಾಲಾ ಅನುದಾನ ಹಂಚಿಕೆಯಾಗುತ್ತದೆ. ನಿಮ್ಮ ಮಕ್ಕಳ ಸ್ಕೂಲಿನಲ್ಲಿ ಆ ಹೆಸರು ಕೇಳಿರುತ್ತೀರಿ. ಅಂಕಿ ತಪ್ಪಿದರೆ ಒಂದು ಮಗುವಿನ ಪಾಲು ಇನ್ನೊಂದು ಕಡೆ ಹೋಗುತ್ತದೆ, ನಾನು ಮಾಡಿದ ಹಾಗೆ.

ಐದನೆಯದು ಗಡಿ. ವರ್ಜೀನಿಯದಲ್ಲಿ 38 ಸ್ವತಂತ್ರ ನಗರಗಳಿವೆ, ಅವು ಯಾವ ಕೌಂಟಿಗೂ ಸೇರುವುದಿಲ್ಲ. ಫೇರ್‌ಫ್ಯಾಕ್ಸ್ ಸಿಟಿ ಫೇರ್‌ಫ್ಯಾಕ್ಸ್ ಕೌಂಟಿಯ ಲೆಕ್ಕದಲ್ಲಿ ಇಲ್ಲ! ಬೆಡ್‌ಫರ್ಡ್ ನಗರ 2013ರಲ್ಲಿ ಸ್ವತಂತ್ರ ನಗರದ ಪಟ್ಟ ಬಿಟ್ಟು ಬೆಡ್‌ಫರ್ಡ್ ಕೌಂಟಿಗೆ ಸೇರಿತು. ಅದಕ್ಕೂ ಮೊದಲಿನ ಕೌಂಟಿಯೇ ಬೇರೆ, ಆಮೇಲಿನದೇ ಬೇರೆ. ನಮ್ಮಲ್ಲೂ ಅಷ್ಟೇ. 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆಯಾಯಿತು. ಕೂಡ್ಲಿಗಿ ಆ ಕಡೆ ಹೋಯಿತು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಎರಡು ಜಾಗದ ಸರಾಸರಿಗಳನ್ನಾದರೆ ಜನಸಂಖ್ಯೆ ನೋಡಿ ಕೂಡಿಸಬಹುದು. ಮಧ್ಯಾಂಕಗಳನ್ನು ಹಾಗೆ ಕೂಡಿಸಲು ಬರುವುದಿಲ್ಲ, ಮತ್ತೆ ಎಲ್ಲ ಮನೆಗಳನ್ನೂ ಸಾಲಾಗಿ ನಿಲ್ಲಿಸಬೇಕು.

ಇನ್ನು ಬೆಲೆ ಏರಿಕೆ. ಇಲ್ಲಿ ನಮ್ಮ ಕಾಲ ಕೆಳಗಿನ ನೆಲವನ್ನೇ ನೋಡೋಣ. ಫೇರ್‌ಫ್ಯಾಕ್ಸ್ ಕೌಂಟಿಯ ಮಧ್ಯಾಂಕ 1999ರಲ್ಲಿ 81,050 ಡಾಲರ್. 2019-2023ರ ಅಂಕಿ 2023ರ ಡಾಲರಿನಲ್ಲಿ ಸುಮಾರು 1 ಲಕ್ಷ 50 ಸಾವಿರ. ಹೆಚ್ಚುಕಡಿಮೆ ಎರಡು ಪಟ್ಟಾಯಿತಲ್ಲ ಅಂತ ಖುಷಿಯಾಗುತ್ತದೆ. ಆದರೆ ಆ 24 ವರ್ಷದಲ್ಲಿ ಗ್ರಾಹಕ ಬೆಲೆ ಸೂಚ್ಯಂಕ ಸುಮಾರು 1.83 ಪಟ್ಟಾಗಿದೆ. 81,050ನ್ನು 2023ರ ಡಾಲರಿಗೆ ತಂದರೆ ಸುಮಾರು 1 ಲಕ್ಷ 48 ಸಾವಿರ. ಅಂದರೆ ಅಮೆರಿಕದ ಅತಿ ಶ್ರೀಮಂತ ಕೌಂಟಿಗಳಲ್ಲಿ ಒಂದಾದ ಇಲ್ಲಿ ನಡುವಿನ ಮನೆ ಕಾಲು ಶತಮಾನದಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇದೆ! ಹೈಲ್ಯಾಂಡಿನಲ್ಲಿ 1999ರ ಅಂಕಿ 30 ಸಾವಿರದ ಆಸುಪಾಸಿನಲ್ಲಿತ್ತು. ಅಲ್ಲಿನ ನಡುವಿನ ಮನೆ 2023ರಲ್ಲಿ ಅಷ್ಟೇ ಸ್ಥಿತಿಯಲ್ಲಿ ಇರಬೇಕಾದರೂ 55 ಸಾವಿರದ ಹತ್ತಿರ ಗಳಿಸಬೇಕು. 'ಏರಿತು' ಅನ್ನುವ ಮೊದಲು ಈ ಗೆರೆ ದಾಟಿದೆಯೇ ನೋಡಬೇಕು.

ಕೊನೆಯದಾಗಿ, ಮಧ್ಯಾಂಕ ಏರಿದರೂ ಯಾರ ಮನೆಯ ಆದಾಯವೂ ಏರದೇ ಇರಬಹುದು. ಯುವಕರು ಕೆಲಸ ಹುಡುಕಿ ಊರು ಬಿಟ್ಟರೆ, ಅಥವಾ ವಾಷಿಂಗ್ಟನ್ ಕಡೆಯ ಪಿಂಚಣಿದಾರರು ಗುಡ್ಡದ ಮೇಲೆ ಮನೆ ಮಾಡಿ ನೆಲೆಸಿದರೆ ಸಾಲಿನಲ್ಲಿ ನಿಂತವರೇ ಬದಲಾಗುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇದರದ್ದೇ ಇನ್ನೊಂದು ರೂಪ ಇದೆ, ಅಣ್ಣತಮ್ಮಂದಿರು ಪಾಲಾಗುವುದು. ನಮ್ಮ ಓಣಿಗೆ ವಾಪಸ್ ಬನ್ನಿ. 1 ಲಕ್ಷ 20 ಸಾವಿರದ ಮನೆ ಇಬ್ಬರು ತಮ್ಮಂದಿರಲ್ಲಿ ಪಾಲಾಗಿ 60 ಸಾವಿರದ ಎರಡು ಮನೆಯಾಯಿತು. ಈಗ ಎಂಟು ಮನೆ, ಮಧ್ಯಾಂಕ 75 ಸಾವಿರ. ಓಣಿಯಿಂದ ಒಂದು ರೂಪಾಯಿ ಹೊರಗೆ ಹೋಗಿಲ್ಲ, ಆದರೂ ನಡುವಿನ ಮನೆ 15 ಸಾವಿರ ಬಡವಾಯಿತು! ಆದ್ದರಿಂದ ಆದಾಯದ ಜೊತೆ ಮನೆಯಲ್ಲಿ ಎಷ್ಟು ಜನ ಅನ್ನುವುದನ್ನೂ ಬರೆದುಕೊಳ್ಳಬೇಕು.

ಸರಿ, ಇಷ್ಟೆಲ್ಲ ಕಲಿತು ಸಂಡೂರಿನ ನಡುವಿನ ಮನೆಯನ್ನು ಹುಡುಕಲು ಹೊರಟೆ. ಗೆಳೆಯರೆ, ನಮ್ಮ ಜನಗಣತಿ ಆದಾಯ ಕೇಳುವುದಿಲ್ಲ. ಎನ್‌ಎಸ್‌ಎಸ್ ದಶಕಗಳಿಂದ ಕೇಳುತ್ತಾ ಬಂದಿದ್ದು ಮುಖ್ಯವಾಗಿ ಖರ್ಚನ್ನು. 1950 ಮತ್ತು 60ರ ದಶಕಗಳಲ್ಲಿ, ಮತ್ತೆ 1983-84ರಲ್ಲಿ ಆದಾಯ ಕೇಳಿ ನೋಡಿದರು. ಜನ ಹೇಳಿದ ಆದಾಯ ಅವರ ಖರ್ಚು ಮತ್ತು ಉಳಿತಾಯಕ್ಕಿಂತ ಕಡಿಮೆ ಬಂತು, ಕೈಬಿಟ್ಟರು. 2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ಮನೆಯಲ್ಲಿ ಅತಿ ಹೆಚ್ಚು ಗಳಿಸುವವನ ತಿಂಗಳ ಆದಾಯವನ್ನು ಮೂರೇ ಮೂರು ಡಬ್ಬಿಗಳಲ್ಲಿ ಕೇಳಿದರು: 5 ಸಾವಿರದ ಒಳಗೆ, 5ರಿಂದ 10 ಸಾವಿರ, ಅದಕ್ಕೂ ಮೇಲೆ. ದೇಶದ ಗ್ರಾಮೀಣ ಮನೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲನೇ ಡಬ್ಬಿಯಲ್ಲೇ ಬಿದ್ದವು. ನಡುವಿನ ಮನೆಯೂ ಅದರೊಳಗೇ ಹೋಯಿತು. ಅದು 4,800ರಲ್ಲಿದೆಯೋ 1,800ರಲ್ಲಿದೆಯೋ ತಿಳಿಯುವಂತಿಲ್ಲ.

ಕೃಷಿಕ ಕುಟುಂಬಗಳ ಸಮೀಕ್ಷೆ ಸ್ವಲ್ಪ ವಾಸಿ. 2018-19ರಲ್ಲಿ ದೇಶದ ಕೃಷಿಕ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ, ಕರ್ನಾಟಕದಲ್ಲಿ 13,441. ಆ 10,218ರಲ್ಲಿ ಕೂಲಿ-ಸಂಬಳದಿಂದ 4,063, ಬೆಳೆಯಿಂದ 3,798. ರೈತನ ಮನೆಗೆ ಬೆಳೆಗಿಂತ ಕೂಲಿಯ ದುಡ್ಡೇ ಹೆಚ್ಚು! ಆದರೆ ಇದೂ ಸರಾಸರಿಯೇ, ರಾಜ್ಯದ ಮಟ್ಟದ್ದು.

ನಮ್ಮ ನೆಲದಲ್ಲಿ ಇದು ಸಾಧ್ಯವೇ ಇಲ್ಲ ಅನ್ನಬೇಡಿ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ 1954ರಿಂದ 56ರವರೆಗೆ ಮಂಡ್ಯದ ಎರಡು ಹಳ್ಳಿಗಳಲ್ಲಿ ಇದ್ದು ಮನೆಗಳ ಆಯವ್ಯಯ ಬರೆದುಕೊಂಡರು, 1970ರಲ್ಲಿ ಮತ್ತೆ ಬಂದು ನೋಡಿದರು. ಫೌಂಡೇಶನ್ ಫಾರ್ ಅಗ್ರೇರಿಯನ್ ಸ್ಟಡೀಸ್‌ನವರು 2009ರಲ್ಲಿ ಮಂಡ್ಯದ ಅಲಬುಜನಹಳ್ಳಿ, ಕೋಲಾರದ ಸಿರೇಸಂದ್ರ, ಗುಲ್ಬರ್ಗದ ಜಾಪುರಗಳಲ್ಲಿ ಮನೆಮನೆಯ ಆದಾಯದ ಲೆಕ್ಕ ಮಾಡಿದರು. ಕೂತು ಕೇಳಿದರೆ ಜನ ಹೇಳುತ್ತಾರೆ. ಕೇಂದ್ರದ ಅಂಕಿ-ಅಂಶ ಇಲಾಖೆಯೂ 2025ರ ಜನವರಿಯಿಂದ ಎನ್‌ಎಸ್‌ಎಸ್ ಸಮೀಕ್ಷೆಗಳಲ್ಲಿ ಜಿಲ್ಲೆಯನ್ನು ಮೂಲ ಘಟಕವಾಗಿ ಇಟ್ಟುಕೊಂಡಿದೆ. ದೇಶದ ಮೊದಲ ಪೂರ್ಣ ಮನೆ-ಆದಾಯ ಸಮೀಕ್ಷೆಯನ್ನು 2026ರಲ್ಲಿ ಶುರು ಮಾಡುವುದಾಗಿ ಅದೇ 2025ರಲ್ಲಿ ಪ್ರಕಟಿಸಿತು. ಒಳ್ಳೆಯ ಸುದ್ದಿ. ಆದರೆ ಸಂಡೂರು, ಕೂಡ್ಲಿಗಿ ಜಿಲ್ಲೆಗಳಲ್ಲ, ತಾಲ್ಲೂಕುಗಳು.

ಹಾಗಾಗಿ ಸಭೆಯ ಮುಂದೆ ಮೂರು ಮಾತು ಇಡುತ್ತೇನೆ.

ಒಂದು, ಜಿಲ್ಲೆಯ ತಲಾ ಆದಾಯ ನೋಡಿ ಶಾಲೆ ಆರಿಸುವುದನ್ನು ಬಿಡೋಣ. ಕಳೆದ ಸಲ ಹೊರಗುಳಿದ ಸಂಡೂರು, ಕೂಡ್ಲಿಗಿಗಳನ್ನು ಈ ಸಲ ಮೊದಲು ನೋಡೋಣ. ಅದು ನನ್ನ ತಪ್ಪಿನ ಬಾಕಿ.

ಎರಡು, ನೆರವು ಕೊಡುವ ಪ್ರತಿ ಊರಿನಲ್ಲಿ ಪಂಚಾಯಿತಿಯ ಮನೆಪಟ್ಟಿಯಿಂದ ಚೀಟಿ ಎತ್ತಿ 60 ಮನೆ ಆರಿಸಿ, ಸ್ಥಳೀಯ ಪದವಿ ವಿದ್ಯಾರ್ಥಿಗಳಿಂದ ಕನ್ನಡದಲ್ಲೇ ಕೇಳಿಸೋಣ. 'ನಿಮ್ಮ ಆದಾಯ ಎಷ್ಟು?' ಅಂತ ಕೇಳಿದರೆ ಸಿಗುವ ಉತ್ತರ ನಿಮಗೆ ಗೊತ್ತೇ ಇದೆ, ತಾಲ್ಲೂಕು ಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಇರುವಷ್ಟು! ಬಿಪಿಎಲ್ ಕಾರ್ಡಿಗೆ 1 ಲಕ್ಷ 20 ಸಾವಿರದ ಮಿತಿ ಇರುವಾಗ ಯಾರು ತಾನೇ ಹೆಚ್ಚು ಹೇಳುತ್ತಾರೆ? ಅವರನ್ನು ದೂರುವಂತಿಲ್ಲ. ಬದಲು, ಎಷ್ಟು ಚೀಲ ಬಂತು, ಏನು ಬೆಲೆಗೆ ಹೋಯಿತು, ಗೊಬ್ಬರಕ್ಕೆ ಎಷ್ಟು ಹೋಯಿತು, ಎಷ್ಟು ದಿನ ಕೂಲಿ ಸಿಕ್ಕಿತು, ಡೇರಿಯ ಬಟವಾಡೆ ಎಷ್ಟು, ಅಜ್ಜಿಯ ಪಿಂಚಣಿ ಬರುತ್ತದೆಯೇ, ಬೆಂಗಳೂರಿನ ಮಗ ಏನು ಕಳಿಸುತ್ತಾನೆ, ಹೀಗೆ ಬಿಡಿಬಿಡಿಯಾಗಿ ಕೇಳಿ ನಾವು ಕೂಡಿಸಬೇಕು. ಮೂರು ವರ್ಷಕ್ಕೊಮ್ಮೆ, ಅದೇ ತಿಂಗಳು, ಅದೇ ಪ್ರಶ್ನೆ. ಹೆಸರುಗಳು ಊರಿನಲ್ಲೇ ಉಳಿಯಬೇಕು, ಇಲ್ಲಿಗೆ ಅಂಕಿ ಮಾತ್ರ ಬರಬೇಕು.

60 ಮನೆ ಸಾಕೇ? ಸಾಕು, ಆದರೆ ಎಷ್ಟಕ್ಕೆ ಸಾಕು ಅನ್ನುವುದು ಗೊತ್ತಿರಲಿ. 60 ಮನೆಗಳನ್ನು ಸಾಲಾಗಿ ನಿಲ್ಲಿಸಿದರೆ, ಊರಿನ ನಿಜವಾದ ಮಧ್ಯಾಂಕ ಶೇಕಡ 95ರ ಭರವಸೆಯಲ್ಲಿ 22ನೇ ಮನೆಗೂ 39ನೇ ಮನೆಗೂ ನಡುವೆ ಇರುತ್ತದೆ. ಇಷ್ಟು ಅಗಲದ ಅಂದಾಜಿನಿಂದ ಯಾವ ಊರು ತೀರಾ ಬಡವಾಗಿದೆ ಅಂತ ತಿಳಿಯಬಹುದು. 'ನಮ್ಮ ನೆರವಿನಿಂದ ಮೂರು ವರ್ಷದಲ್ಲಿ ಆದಾಯ ಶೇಕಡ 5 ಏರಿತು' ಅಂತ ವಾರ್ಷಿಕ ವರದಿಯಲ್ಲಿ ಬರೆಯಲು ಆಗುವುದಿಲ್ಲ. ಬರೆಯಬಾರದು.

ಮೂರು, ಹೊಸ ಆದಾಯ ಸಮೀಕ್ಷೆಯಲ್ಲಿ ಸರಾಸರಿಯ ಜೊತೆ ಮಧ್ಯಾಂಕವನ್ನೂ, ಅದರ ಹೆಚ್ಚು-ಕಡಿಮೆಯನ್ನೂ ಪ್ರಕಟಿಸಿ, ಹೈಲ್ಯಾಂಡಿಗೆ ಮಾಡುವಂತೆ ನಮ್ಮ ತಾಲ್ಲೂಕುಗಳಿಗೂ ಅಂದಾಜು ಮಾಡಿಕೊಡಿ ಎಂದು ದೆಹಲಿಗೂ ಬೆಂಗಳೂರಿಗೂ ಪತ್ರ ಬರೆಯೋಣ. ಎರಡು ಸಾವಿರ ಚಿಲ್ಲರೆ ಜನರ ಕೌಂಟಿಗೆ ಇಲ್ಲಿ ಸಿಗುವ ಮರ್ಯಾದೆ ನಮ್ಮ ಲಕ್ಷಾಂತರ ಜನರ ತಾಲ್ಲೂಕಿಗೆ ಯಾಕೆ ಸಿಗಬಾರದು? ಕರಡು ನಾನು ಬರೆಯುತ್ತೇನೆ, ತಿದ್ದಲು ಕನ್ನಡ ಚೆನ್ನಾಗಿ ಬಲ್ಲ ಇಬ್ಬರು ಬೇಕು.

ಆ ಹಿರಿಯರು ಇವತ್ತು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಸಾರ್, ನಿಮ್ಮ ಪ್ರಶ್ನೆಗೆ ಇವತ್ತೂ ನನ್ನ ಬಳಿ ಉತ್ತರವಿಲ್ಲ. ಆದರೆ ಯಾವ ಮನೆಯ ಬಾಗಿಲು ತಟ್ಟಬೇಕೆಂದು ಗೊತ್ತಾಗಿದೆ. ಮುಂದಿನ ತಿಂಗಳ ಸಭೆಯಲ್ಲಿ ಊರುಗಳ ಪಟ್ಟಿ ಮಾಡೋಣ, ಎಲ್ಲರೂ ತಪ್ಪದೆ ಬನ್ನಿ.